ಫಕೀರಸಾಬ ಮೇಸ್ತ್ರಿಯ ಒಣಗದ ನೆಲ

ಶಹಾಬಾದಿನ ಫಕೀರಸಾಬ ಮೇಸ್ತ್ರಿ ಯಾರ ಮನೆಗೆ ಹೋದರೂ ಮೊದಲು ಮನೆಯವರ ಮುಖ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದ. ಮದುವೆಗೆ ಕರೆದರೂ ಅಷ್ಟೆ, ಸತ್ತವರ ಮಣ್ಣಿಗೆ ಹೋದರೂ ಅಷ್ಟೆ. ಹಿಮ್ಮಡಿಯಿಂದ ಒಂದು ಫರಸಿ ಕಲ್ಲನ್ನು ಮೆಲ್ಲಗೆ ಕುಟ್ಟಿ, ಬಂದ ಸದ್ದಿಗೆ ಕಿವಿಗೊಟ್ಟು, "ಯಾರ ಕೈ ಇದು?" ಎನ್ನುತ್ತಿದ್ದ. ಬೇರೆ ಮೇಸ್ತ್ರಿಯ ಹೆಸರು ಹೇಳಿದರೆ "ಹ್ಞೂಂ, ಪಾಪ" ಎಂದು ಸುಮ್ಮನಾಗುತ್ತಿದ್ದ. ಆ "ಪಾಪ"ಕ್ಕೆ ಊರಿನ ಉಳಿದ ಮೇಸ್ತ್ರಿಗಳು ಹಲ್ಲು ಕಡಿಯುತ್ತಿದ್ದರು. ತಾನು ಹಾಕಿದ ನೆಲದಲ್ಲಿ ಈವರೆಗೆ ಒಂದು ಕಲ್ಲೂ ಅಡಿಯ ಗಚ್ಚು ಬಿಟ್ಟು ಪೊಳ್ಳು ಎದ್ದಿಲ್ಲ ಎಂಬುದು ಅವನು ದಿನಕ್ಕೊಮ್ಮೆಯಾದರೂ ಹೇಳಲೇಬೇಕಾದ ಮಾತು. ಕೇಳುವವರು ಸಿಗದಿದ್ದರೆ ಹೆಂಡತಿ ಆಶಾಬಿಗೆ ಹೇಳುತ್ತಿದ್ದ. ಅವಳು ರೊಟ್ಟಿ ಬಡಿಯುವ ಸದ್ದು ಜೋರು ಮಾಡುತ್ತಿದ್ದಳು.

ಹೈದರಾಬಾದ್ ರಾಜ್ಯ ಒಡೆಯುತ್ತದಂತೆ ಎಂಬ ಮಾತು ಚಹಾ ಅಂಗಡಿಗಳಲ್ಲಿ ಶುರುವಾಗಿದ್ದ ಆ ಬೇಸಿಗೆಯಲ್ಲಿ, ಇಂಥ ಮನುಷ್ಯ ದಿನಾ ಮಧ್ಯಾಹ್ನ ತರುಣ ಸೇವಾ ಸಂಘದ ಎದುರಿನ ಬೇವಿನ ಕಟ್ಟೆಯ ಮೇಲೆ ಕೂತು, ಸಂಘದ ಬಾಗಿಲನ್ನೇ ದಿಟ್ಟಿಸುತ್ತಿದ್ದ. ಕೈಯಲ್ಲಿ ಕೆಲಸವಿರಲಿಲ್ಲ. ವಾಡಿಯಲ್ಲಿ ಸಾಯಬಣ್ಣ ಸಾಹುಕಾರ ಜಂಕ್ಷನ್ನಿನ ಹತ್ತಿರ ಒಂದು ಧರ್ಮಶಾಲೆ ಕಟ್ಟಿಸುತ್ತಿದ್ದ. ಅದರ ದೊಡ್ಡ ಹಜಾರದ ನೆಲ ಫಕೀರಸಾಬನಿಗೇ ಎಂದು ಯುಗಾದಿಯ ಹೊತ್ತಿಗೆ ಮಾತಾಗಿತ್ತು. ಆ ಮಾತು ನಂಬಿ ಅವನು ತಂಗಿಯ ಮಗ ಮುನಾಫನಿಗೂ ಓಣಿಯ ಇನ್ನೂ ಕೆಲವು ಹುಡುಗರಿಗೂ ಮಾತು ಕೊಟ್ಟಿದ್ದ: ಮಳೆಗಾಲದಲ್ಲಿ ಕಲ್ಲಿನ ಖಣಿಗೆ ನೀರು ತುಂಬಿ ಕೂಲಿ ನಿಂತಾಗ ನಿಮ್ಮನ್ನು ವಾಡಿಗೆ ಕರೆದೊಯ್ಯುತ್ತೇನೆ, ಕೈಗೆ ಕಸಬು ಹಚ್ಚುತ್ತೇನೆ ಎಂದು. ಈಗ ಮಳೆ ಹತ್ತಿರ ಬಂದಿತ್ತು. ವಾಡಿಯಿಂದ ಮಾತ್ರ ಉಸಿರಿಲ್ಲ.

ಕಟ್ಟೆಯ ಮೇಲಿನ ಮೇಸ್ತ್ರಿಯನ್ನು ಸಂಘದ ಕಿಟಕಿಯಿಂದ ದಿನಾ ನೋಡುತ್ತಿದ್ದವನು ತಮ್ಮಣ್ಣ. ಚಿಂಚೋಳಿಯವನು. ಗುಲ್ಬರ್ಗಾದಲ್ಲಿ ಬೆಳಿಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ವಕೀಲರೊಬ್ಬರ ಬಳಿ ನಕಲು ಬರೆಯುವ ನೌಕರಿ. ಎರಡು ಕಡೆಯೂ ಅರೆಹೊಟ್ಟೆ. ಬೇಸಿಗೆ ರಜೆಯಲ್ಲಿ ಪಟ್ಟಣದ ತರುಣರ ನಡುವೆ ಸೇವೆ ಮಾಡಿ, ಅವರಿಂದ ನಾಲ್ಕು ವಿಷಯ ಕಲಿತು ಬಾ ಎಂದು ಅವನ ಪ್ರೊಫೆಸರರು ಕಳಿಸಿದ್ದರು. ಈ ಮಾತಿನ ಮೊದಲರ್ಧವಷ್ಟೇ ತಮ್ಮಣ್ಣನ ಕಿವಿಗೆ ಬಿದ್ದಿತ್ತು. ಅವನ ಟ್ರಂಕಿನಲ್ಲಿ ಎರಡು ಅಂಗಿ, ಒಂದು ಧೋತರ ಮತ್ತು 'ನಾಗರಿಕನ ಕರ್ತವ್ಯಗಳು' ಎಂಬ ಭಾಷಣ ಇದ್ದವು. ಅಂಗಿಗಳಿಗಿಂತ ಭಾಷಣಕ್ಕೆ ಹೆಚ್ಚು ಇಸ್ತ್ರಿ ಬಿದ್ದಿತ್ತು.

ಸಂಘದ ಕಾರ್ಯದರ್ಶಿ ಗುರುಲಿಂಗಪ್ಪನವರು ಕಿರಾಣಿ ಅಂಗಡಿಯವರು. ಖಣಿಯಲ್ಲಿ, ಸಿಮೆಂಟು ಕಾರ್ಖಾನೆಯಲ್ಲಿ ದುಡಿದ ಹುಡುಗರು ಸಂಜೆ ನೆಟ್ಟಗೆ ಸಿಂದಿ ಅಂಗಡಿಗೆ ಹೋಗುವುದನ್ನು ನೋಡಲಾರದೆ, ನಾಲ್ಕು ಜನರನ್ನು ಕಾಡಿ ಬೇಡಿ ಒಂದು ಕೋಣೆ ಕಟ್ಟಿಸಿದ್ದರು. ಎರಡು ಪತ್ರಿಕೆ, ಒಂದು ಕೇರಂ ಹಲಗೆ, ಒಂದು ಪೆಟ್ರೋಮ್ಯಾಕ್ಸ್. ನೆಲವನ್ನು ಫಕೀರಸಾಬ ಕೂಲಿ ಇಲ್ಲದೆ ಹಾಕಿಕೊಟ್ಟಿದ್ದ. ಗುರುಲಿಂಗಪ್ಪನವರು ತಮ್ಮಣ್ಣನ ಕೈಗೆ ಕೀಲಿ ಕೊಟ್ಟು ಹೇಳಿದ್ದು ಇಷ್ಟೆ: "ಹುಡುಗೋರು ಈಗಷ್ಟ ಬರಾಕತ್ತ್ಯಾರ. ಬರೂದು ನಿಲ್ಲಬಾರ್ದು ನೋಡ್ರಿ. ಮತ್ತೇನೂ ಮಾಡಬ್ಯಾಡ್ರಿ."

ಮತ್ತೇನೂ ಮಾಡದಿರುವುದು ತಮ್ಮಣ್ಣನಂಥ ಸೇವಕನಿಗೆ ಆಗದ ಕೆಲಸ. ಮೊದಲ ಸಂಜೆ ಹುಡುಗರು ಬಂದರು, ಬೆವರು ಒರೆಸಿಕೊಂಡರು, "ಉಶ್ಶ್, ಭಟ್ಟಿ ಆಗ್ಯದ ಮಾರಾಯಾ" ಎಂದು ಬೇಗ ಎದ್ದು ಹೋದರು. ತಮ್ಮಣ್ಣನ ಬುದ್ಧಿ ಕೂಡಲೇ ಓಡಿತು. ಅವನ ವಕೀಲರ ಮನೆಯಲ್ಲಿ ಕಿಟಕಿಗೆ ಲಾವಂಚದ ಬೇರಿನ ಖಸ್ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರು. ಕೋಣೆ ತಂಪಾಗಿ ಘಮಘಮಿಸುತ್ತಿತ್ತು. ಖಸ್ ತರಲು ಸಂಘಕ್ಕೆ ಶಕ್ತಿಯಿಲ್ಲ, ಗೋಣಿಚೀಲ ಉಂಟು. ಗುರುಲಿಂಗಪ್ಪನವರ ಅಂಗಡಿಯಿಂದ ಖಾಲಿ ಚೀಲಗಳನ್ನು ತಂದು, ಬಿಡಿಸಿ, ನೆಲದ ತುಂಬ ಹಾಸಿದ. ಮಧ್ಯಾಹ್ನದಿಂದ ಭಾವಿಯ ನೀರು ಸೇದಿ ಸೇದಿ ಹೊಯ್ದ. ದೀಪ ಹಚ್ಚುವ ಹೊತ್ತಿಗೆ ಚೀಲ ಎತ್ತಿ, ನೆಲ ಒರೆಸಿ, ಬಾಗಿಲು ತೆರೆಯುವುದು ಅವನ ಲೆಕ್ಕ. ನಡುವೆ ಆಶಾಬಿಯ ಆಡು ಒಳಗೆ ನುಗ್ಗಿ ಅರ್ಧ ಪತ್ರಿಕೆ ತಿಂದಿತು. ಅದಕ್ಕೆ ಬಾಗಿಲಿಗೆ ಒಂದು ಬಿದಿರ ಗಳ ಅಡ್ಡ ಕಟ್ಟಿದ.

ಕೋಣೆ ನಿಜಕ್ಕೂ ತಂಪಾಯಿತು. ಆದರೆ ಅಂದಿನಿಂದ ಒಬ್ಬನೂ ಒಳಗೆ ಕಾಲಿಡಲಿಲ್ಲ; ಖಣಿ ಬಿಟ್ಟ ಹುಡುಗರು ಬಾಗಿಲಲ್ಲಿ ಇಣುಕಿ ಹೊರಟುಬಿಡುತ್ತಿದ್ದರು.

ತಂಪು ಸಾಲದೇನೋ ಎಂದುಕೊಂಡ ತಮ್ಮಣ್ಣ ಇನ್ನೂ ನೀರು ಹೊಯ್ದ. ಅಂಗೈಯಲ್ಲಿ ಬೊಬ್ಬೆ ಎದ್ದವು. ಅವನ್ನು ಸೇವೆಯ ಪದಕಗಳೆಂದು ದೀಪದ ಬೆಳಕಿಗೆ ಹಿಡಿದು ನೋಡಿಕೊಂಡ. ದಿನಾ ಸಂಜೆ ತಾನೊಬ್ಬನೇ ಕೂತು ತನ್ನ ವಿರುದ್ಧ ತಾನೇ ಕೇರಂ ಆಡಿ ಸೋಲುತ್ತಿದ್ದ. ಹುಡುಗರು ಯಾಕೆ ಬರುವುದಿಲ್ಲ? ಆ ಮೇಸ್ತ್ರಿ ಯಾಕೆ ಎದುರಿಗೆ ಕೂತು ಹೀಗೆ ನೋಡುತ್ತಾನೆ? ಮೊದಲನೆಯ ಪ್ರಶ್ನೆ ಚಿಂತೆಯಾಗಿ ಶುರುವಾಗಿತ್ತು. ಬರಬರುತ್ತ ಎರಡೂ ಸೇರಿ ಊಟ ಮಾಡುವಾಗಲೂ ಬಿಡದ ಕುತೂಹಲವಾದವು.

ಕೊನೆಗೆ ಒಂದು ಮಧ್ಯಾಹ್ನ ಕೊಡ ಕೆಳಗಿಟ್ಟು ಕಟ್ಟೆಗೆ ಹೋದ.

"ಮೇಸ್ತ್ರಿಗೋಳೆ, ದಿನಾ ಇಲ್ಲೇ ಕುಂದರ್ತೀರಲ್ರಿ. ಒಳಗ ಬರ್ರಿ, ತಂಪ ಅದ."

ಫಕೀರಸಾಬ ಅವನನ್ನು ಕೆಳಗಿನಿಂದ ಮೇಲೆ ನೋಡಿದ. ಪಾದದಲ್ಲೇ ಹೆಚ್ಚು ಹೊತ್ತು ನಿಂತ.

"ನಾ ಹಾಕಿದ ನೆಲಕ್ಕ ನಾನೇ ಬರಬೇಕಾದ್ರ ಕರಿಯವ್ರು ಗುರುಲಿಂಗಪ್ಪ. ನೀವ್ಯಾರ್ರಿ? ನೀರ ಹೊಡ್ಯಾವ್ರು. ಹೊಡೀರಿ, ಹೊಡೀರಿ. ಯಾರು ಹೇಳ್ಯಾರೋ ಅವ್ರಿಗಿ ಹೇಳ್ರಿ, ಫಕೀರಸಾಬಗ ಎಲ್ಲಾ ಗೊತ್ತದ ಅಂತ."

"ಯಾರೂ ಹೇಳಿಲ್ರಿ, ನಾನೇ..."

"ಹ್ಞೂಂ, ಪಾಪ" ಎಂದು ಮೇಸ್ತ್ರಿ ಮುಖ ತಿರುಗಿಸಿದ.

ತಮ್ಮಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಆ "ಪಾಪ" ತನ್ನ ಪಾಲಿಗೂ ಬಂದದ್ದು ಮಾತ್ರ ತಿಳಿಯಿತು. ಆ ಸಂಜೆ ಖಣಿ ಬಿಡುವ ಹೊತ್ತಿಗೆ ಬಿದಿರ ಗಳದ ಪಕ್ಕದಲ್ಲೇ ಕಾದು ನಿಂತ. ಮೈಯೆಲ್ಲ ಕಲ್ಲಿನ ಪುಡಿಯಾಗಿ ಮುನಾಫ ಬಂದ. ಎಲ್ಲರಂತೆ ಅವನೂ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಇಣುಕಿ, ಹೊರಟ. ತಮ್ಮಣ್ಣ ಅವನ ತೋಳು ಹಿಡಿದ.

"ಒಳಗ ಯಾಕ ಬರಂಗಿಲ್ಲೋ?"

"ಏ ಬಿಡ್ರಿ ಮಾಸ್ತರ್. ಹಸಿ ನೆಲ ಅದ."

"ಹಸಿ ಇದ್ರೇನಾತು? ಕಾಲು ತೊಯ್ತಾವೇನು?"

ಮುನಾಫ ನಕ್ಕ. "ಗೋಣಿ ಹಾಸೀರಿ, ನೀರು ಹೊಯ್ದೀರಿ, ಬಾಗಲಿಗಿ ಗಳಾ ಕಟ್ಟೀರಿ. ಮತ್ತ ಬಾ ಅಂತೀರಿ! ಕಲ್ಲಿನ ನಡುವಿನ ಗಚ್ಚು ಇನ್ನಾ ಕೂಡಿಲ್ಲ ಅಂದಂಗಾತಲ್ರಿ ಅದು. ಅದರ ಮ್ಯಾಗ ಕಾಲಿಟ್ಟವನ ಕಾಲು ನಮ್ಮ ಮಾಮಾ ಮುರದು ಕೈಗಿ ಕೊಡ್ತಾನ. ಈ ಊರಾಗ ಸಣ್ಣ ಹುಡುಗರೂ ದಾಟಂಗಿಲ್ಲ." ನಂತರ ದನಿ ತಗ್ಗಿಸಿದ. "ಮಾಮಾ ಹಾಕಿದ್ದು ಕೆಟ್ಟದ ಅಂತ ಕಿತ್ತಿ ಬ್ಯಾರೆದವ್ರ ಕೈಲಿ ಹಾಕಿಸ್ಯಾರ, ಅದೂ ಕೂಡವಲ್ದು ಅಂತ ಊರಾಗ ಮಾತಾಡಾಕತ್ತ್ಯಾರ. ಸಾಯಬಣ್ಣ ಸಾಹುಕಾರರ ಮುನೀಮ ಮೊನ್ನಿ ವಾಡಿಂದ ಬಂದಿದ್ದ. ಈ ಗೋಣಿ ನೋಡಿದ, ಮಾಮಾನ ಮನಿ ತನಕಾನೂ ಬರಲಿಲ್ಲ, ಹಂಗೇ ರೈಲು ಹತ್ತಿದ. ನಮ್ಮ ವಾಡಿ ಕೆಲಸ ಹೋತು ಅಂತ ತಿಳೀರಿ."

"ಮೇಸ್ತ್ರಿ ಒಂದು ಮಾತು ಕೇಳಬಾರದಿತ್ತೇನೋ?"

"ಮಾಮಾ? ಕೇಳೂದಾ?" ಮುನಾಫನಿಗೆ ಈ ಮಾತು ಗೋಣಿಗಿಂತ ಹೆಚ್ಚು ನಗೆ ತಂದಿತು.

ತಮ್ಮಣ್ಣ ಒದ್ದೆ ಚೀಲಗಳನ್ನು ನೋಡಿದ. ತನ್ನ ಅಂಗೈ ನೋಡಿಕೊಂಡ. ಒಬ್ಬ ಮನುಷ್ಯನ ಹೆಸರನ್ನು ಕೊಡಗಟ್ಟಲೆ ನೀರು ಸೇದಿ ಇಷ್ಟು ಶ್ರದ್ಧೆಯಿಂದ ತೊಳೆದುಹಾಕಿದವರು ಜಿಲ್ಲೆಯಲ್ಲಿ ಬೇರೆ ಯಾರೂ ಇರಲಾರರು ಎನಿಸಿತು.

ಮರುದಿನ ಬೆಳಗಿನ ರೈಲಿಗೆ ಅವನು ವಾಡಿಗೆ ಹೋದ. ಸಾಯಬಣ್ಣ ಸಾಹುಕಾರ ಕಟ್ಟಡದ ನೆರಳಲ್ಲಿ ಕೂತು ಎಲೆ ಹಾಕುತ್ತಿದ್ದ. ಖಸ್ ತಟ್ಟಿ, ಗೋಣಿಚೀಲ, ಆಡು ಎಲ್ಲವನ್ನೂ ತಮ್ಮಣ್ಣ ಒಂದೇ ಉಸಿರಿಗೆ ಹೇಳಿದ. ಸಾಹುಕಾರ ಬಾಯಲ್ಲಿನ ಎಲೆ ಉಗುಳಬೇಕಾಗಿ ಬಂದಷ್ಟು ನಕ್ಕ.

"ಕಾಲೇಜಿನ್ಯಾಗ ಇದನ್ನೇ ಕಲಸ್ತಾರೇನೋ ತಮ್ಮಾ?"

"ಇಲ್ರಿ ಸಾಹುಕಾರ್ರೆ, ಇದು ನನ್ನ ಸ್ವಂತದ್ದು."

"ಆತು, ನಿನ್ನ ಮಾತು ಖರೇನೇ ಇರಬೇಕು. ಇಂಥಾದ್ದು ಯಾರೂ ಕಟ್ಟಿ ಹೇಳಂಗಿಲ್ಲ. ಆದ್ರ ಮಾತಿನ ಮ್ಯಾಗ ನೆಲ ಹಾಕ್ಸಾಕ ಬರಂಗಿಲ್ಲ. ಶುಕ್ರವಾರ ಶಹಾಬಾದಿಗಿ ಬರ್ತೀನಿ. ಕುಟ್ಟಿ ನೋಡ್ತೀನಿ. ಒಂದು ಕಲ್ಲು ಪೊಳ್ಳು ಬಂದ್ರೂ ಬ್ಯಾರೆ ಮೇಸ್ತ್ರಿ."

ಶುಕ್ರವಾರ ನಮಾಜು ಮುಗಿಯುವ ಹೊತ್ತಿಗೆ ಸುದ್ದಿ ಓಣಿಯೆಲ್ಲ ಹರಡಿತ್ತು. ಗೋಣಿಯ ಕತೆ ಕೇಳಿದ ಆಶಾಬಿ ತಮ್ಮಣ್ಣನಿಗೆ ಬೈದದ್ದು ಗಂಡನ ಸಲುವಾಗಿ ಅಲ್ಲ; "ನಿಮ್ಮ ಕಾಗದಾ ತಿಂದು ನನ್ನ ಆಡು ಹಾಲು ಕಮ್ಮಿ ಮಾಡ್ಯದ್ರಿ" ಎಂದು. ಫಕೀರಸಾಬ ಒಗೆದ ಅಂಗಿ ತೊಟ್ಟು ಬಂದು ಗೋಡೆಗೆ ಒರಗಿ ನಿಂತ. ಗುರುಲಿಂಗಪ್ಪನವರು ಅಂಗಡಿ ಮುಚ್ಚಿ ಬಂದರು. ಖಣಿಯ ಹುಡುಗರು, ಕಾರ್ಖಾನೆಯ ಹುಡುಗರು, ಒಬ್ಬರ ಹೆಗಲ ಮೇಲೊಬ್ಬರು. ಸಂಘದ ಕೋಣೆ ಅಂದು ಮೊದಲ ಸಲ ತುಂಬಿತ್ತು, 'ನಾಗರಿಕನ ಕರ್ತವ್ಯಗಳ' ಸಹಾಯವಿಲ್ಲದೆ.

ಗೋಣಿ ಎತ್ತಿದ ನೆಲ ಒಣಗಿ ಬೂದುಬಣ್ಣಕ್ಕೆ ತಿರುಗಿ ಮಿರುಗುತ್ತಿತ್ತು. ಸಾಹುಕಾರ ಬೆತ್ತದ ತುದಿಯಿಂದ ಸಾಲು ಹಿಡಿದು ಕುಟ್ಟುತ್ತ ಹೊರಟ. ಟಣ್, ಟಣ್. ಹುಡುಗರು ಪ್ರತಿ ಸದ್ದಿಗೂ ಫಕೀರಸಾಬನ ಮುಖ ನೋಡುತ್ತಿದ್ದರು. ಕಿಟಕಿಯ ಮೂಲೆ ಬಂತು, ದಾಟಿತು. ಕೊನೆಯ ಸಾಲು ಮುಗಿಯಿತು.

"ಶಾಬ್ಬಾಸ್!" ಎಂದ ಸಾಹುಕಾರ. "ಎಲ್ಲಾ ಗಟ್ಟಿ."

ಹುಡುಗರು ಹೋ ಎಂದರು. ಮುನಾಫ ಸಿಳ್ಳೆ ಹಾಕಿದ. ಆ ಗದ್ದಲದ ನಡುವೆ ಫಕೀರಸಾಬ ಕಿಟಕಿಯ ಮೂಲೆಗೆ ನಡೆದು, ಚಪ್ಪಲಿಯಿಂದ ಕಾಲು ತೆಗೆದು, ಒಂದು ಕಲ್ಲಿನ ಅಂಚನ್ನು ಹಿಮ್ಮಡಿಯಿಂದ ಕುಟ್ಟಿದ. ಇನ್ನೊಮ್ಮೆ ಕುಟ್ಟಿದ. ಅವನ ಮುಖ ಬಣ್ಣಗೆಟ್ಟದ್ದನ್ನು ತಮ್ಮಣ್ಣ ಕಂಡ. ಸುಮ್ಮನಿದ್ದುಬಿಡು ಎಂದು ಮನಸ್ಸಿನಲ್ಲೇ ಅವನಿಗೆ ಕೈಮುಗಿದ.

"ಸಾಹುಕಾರ್" ಎಂದ ಮೇಸ್ತ್ರಿ. "ನೀವು ನಡುವ ಕುಟ್ಟೀರಿ. ಅಂಚಿಗಿ ಕುಟ್ರಿ. ಇದು ಪೊಳ್ಳ ಅದ."

ತಮ್ಮಣ್ಣ ಹಾರಿ ಮುಂದೆ ಬಂದ. "ಅದು ನನ್ನಿಂದ್ರಿ! ನಾನೇ ಆ ಮೂಲ್ಯಾಗ ಭಾಳ ನೀರು ಹೊಯ್ದೀನಿ!"

"ಬಾಯಿ ಮುಚ್ಚೋ ತಮ್ಮಾ" ಎಂದ ಫಕೀರಸಾಬ, ಕೋಪವಿಲ್ಲದೆ. "ನೀರಿಗಿ ಗಚ್ಚು ಗಟ್ಟಿ ಆಗ್ತದ, ಪೊಳ್ಳಾಗಂಗಿಲ್ಲ. ನಿನ್ನ ನೀರಿನ ದಸೀಂದ ಉಳಿದದ್ದೆಲ್ಲಾ ಉಕ್ಕಾಗ್ಯದ. ಇದು ನನ್ನ ಕೈ ತಪ್ಪು. ಅವತ್ತ ಸಂಜಿ ಆಗಿತ್ತು, ಅವಸರ ಮಾಡ್ದೆ." ಹೇಳಿ ಮುಗಿಸಿ, ಯಾರ ಮುಖವನ್ನೂ ನೋಡದೆ, ಮೊದಲ ಸಲ ತನ್ನದೇ ನೆಲ ನೋಡುತ್ತ ನಿಂತ. ಬಾಗಿಲಲ್ಲಿದ್ದ ಆಶಾಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸಾಹುಕಾರ ಬೆತ್ತ ಬಗಲಿಗೆ ಸಿಕ್ಕಿಸಿದ. ಒಂದು ಕಲ್ಲು ಪೊಳ್ಳು ಬಂದರೂ ಬೇರೆ ಮೇಸ್ತ್ರಿ ಎಂದ ಮಾತು ಅವನಿಗೂ ನೆನಪಿತ್ತು, ತಮ್ಮಣ್ಣನಿಗೂ.

"ಈ ಕಲ್ಲು ಎಬ್ಬಿಸಿ ಕೂಡಿಸಾಕ ಎಷ್ಟು ದಿನ ಬೇಕು?"

"ಎಬ್ಬಸೂದು ಇವತ್ತೇ. ಗಚ್ಚು ಕೂಡಾಕ ಅದು ಬೇಕಂದಷ್ಟು."

"ಕೂಡಿದ ಮ್ಯಾಗ ವಾಡಿಗಿ ಬಾ. ನನ್ನ ಧರ್ಮಶಾಲಿ ಹಜಾರ ದೊಡ್ಡದದ, ಪೊಳ್ಳ ಎಲ್ಲದ ಅಂತ ನಾ ಬೆತ್ತ ಹಿಡ್ಕೊಂಡು ಅಡ್ಡಾಡಾಕ ಆಗಂಗಿಲ್ಲ. ಹೇಳಾವ ಒಬ್ಬ ಬೇಕು."

ಅಂದು ಸಂಜೆಯೇ ಕಲ್ಲು ಎದ್ದಿತು. ಮೇಸ್ತ್ರಿ ಹೊಸ ಗಚ್ಚು ಹಾಕಿ, ಕಲ್ಲು ಕೂಡಿಸಿ, ಮೇಲೆ ಒಂದು ಒದ್ದೆ ಗೋಣಿ ಹಾಸಿದ. ಆ ಗೋಣಿ ಏಳುವವರೆಗೂ ಹುಡುಗರು ದಿನಾ ಬಂದರು: ಮೊದಲು ಗಚ್ಚು ಕೂಡಿತೇ ಎಂದು ನೋಡಲು, ಆಮೇಲೆ ನೋಡಿದ ಮೇಲೆ ಹೋಗುವುದೇಕೆ ಎಂದು. ಗೋಣಿಯ ಸುತ್ತ ಕೂತು ಕೇರಂ ಆಡಿದರು. ಪತ್ರಿಕೆ ಓದಿಸಿ ಕೇಳಿದರು. ಒಂದು ಸಂಜೆ ತಮ್ಮಣ್ಣ ಧೈರ್ಯ ಮಾಡಿ ಭಾಷಣ ಹೊರತೆಗೆದ. ಎರಡನೆಯ ವಾಕ್ಯಕ್ಕೆ ಆಶಾಬಿಯ ಆಡು ಬಾಗಿಲಿಗೆ ಬಂತು, ಸಭೆಗೆ ಸಭೆಯೇ ಗೋಣಿಯ ಸುತ್ತ ಕೈಹಿಡಿದು ಕೋಟೆ ಕಟ್ಟಿ ನಿಂತಿತು. ನಾಗರಿಕನ ಕರ್ತವ್ಯ ಅಲ್ಲಿಗೇ ಮುಗಿಯಿತೆಂದು ಅವನು ಹಾಳೆಗಳನ್ನು ಆಡಿಗೇ ಕೊಟ್ಟ.

ಮೊದಲ ಮಳೆ ಬಿದ್ದ ಮರುದಿನ ಫಕೀರಸಾಬ ಹುಡುಗರನ್ನು ಕಟ್ಟಿಕೊಂಡು ಸ್ಟೇಷನ್ನಿಗೆ ಹೊರಟ. ಮುನಾಫನ ಹೆಗಲ ಮೇಲೆ ಕರಣೆ, ಸುತ್ತಿಗೆಗಳ ಚೀಲ. ಗುಲ್ಬರ್ಗಾದ ಗಾಡಿಗೆ ಕಾಯುತ್ತ ತಮ್ಮಣ್ಣನೂ ಟ್ರಂಕಿನ ಮೇಲೆ ಕೂತಿದ್ದ. ಮೇಸ್ತ್ರಿ ಅವನ ಅಂಗೈ ಹಿಡಿದು ತಿರುಗಿಸಿ, ಒಣಗಿದ ಬೊಬ್ಬೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ, ನೆಲ ನೋಡುವ ಹಾಗೆಯೇ.

"ವಕೀಲ ಏನು ಕೊಡ್ತಾನೋ ತಮ್ಮಾ ನಿನಗ?"

ತಮ್ಮಣ್ಣ ಹೇಳಿದ.

"ಹ್ಞೂಂ, ಪಾಪ. ನೀರ ಮಾತ್ರ ಚಲೋ ಹೊಡೀತಿ. ವಾಡಿಗಿ ಬರ್ತೀಯೇನು? ಅದಕ್ಕಿಂತ ಹೆಚ್ಚ ಕೊಡ್ತೀನಿ."

ಹುಡುಗರು ನಕ್ಕರು. ತಮ್ಮಣ್ಣನೂ ನಕ್ಕ. ಆದರೆ ವಾಡಿಯ ಗಾಡಿ ಬಂದು, ಅವರನ್ನು ಹತ್ತಿಸಿಕೊಂಡು, ಹೊಗೆ ಬಿಟ್ಟು ಹೋದ ಮೇಲೂ ಅವನು ಆ ಮಾತನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಲೇ ಇದ್ದ. ಕೂತಲ್ಲೇ ಹಿಮ್ಮಡಿಯಿಂದ ಪ್ಲಾಟ್‌ಫಾರಮ್ಮಿನ ಕಲ್ಲೊಂದನ್ನು ಕುಟ್ಟಿ, ಯಾರ ಕೈಯಿರಬಹುದು ಇದು ಎಂದು ಕಿವಿಗೊಡುತ್ತ.