ಹಿಡಿಯೊಳಗಿನ ತುಕ್ಕು

ಗಂಡ ತೀರಿಕೊಂಡ ಮೇಲೆ ನಾನು ಮುಂಬಯಿಗೆ ಹೋಗಿ ಹತ್ತೊಂಬತ್ತು ವರ್ಷ ಒಬ್ಬ ಪಾರ್ಸಿ ಮುದುಕರ ಮನೆ ನೋಡಿಕೊಂಡೆ. ಅಡುಗೆ, ಔಷಧಿ, ಬಟ್ಟೆಬರೆ ಎಲ್ಲವೂ ನನ್ನ ಕೆಲಸ. ಅವರಿಗೆ ಜಪಾನಿನ ಹಳೆಯ ಕತ್ತಿಗಳನ್ನು ಕೂಡಿಡುವ ಹುಚ್ಚಿತ್ತು. ಏಳು ಕತ್ತಿಗಳು, ಒಂದು ಡಬ್ಬಿ ತುಂಬ ಅವುಗಳ ಬಿಡಿ ಭಾಗಗಳು. ಕೈ ನಡುಗಲು ಶುರುವಾದ ವರ್ಷ ಅವರು ನನ್ನನ್ನು ಎದುರಿಗೆ ಕೂರಿಸಿಕೊಂಡು ಆರೈಕೆ ಮಾಡುವುದನ್ನು ಕಲಿಸಿದರು.

ತಿಂಗಳಿಗೊಮ್ಮೆ ಹಳೆಯ ಎಣ್ಣೆಯನ್ನು ಮೆತ್ತನೆಯ ಕಾಗದದಿಂದ ಒರೆಸಬೇಕು. ಬಟ್ಟೆಯ ಉಂಡೆಯಲ್ಲಿ ಕಟ್ಟಿದ ನುಣ್ಣನೆಯ ಕಲ್ಲಿನ ಪುಡಿಯನ್ನು ಅಲಗಿನ ಮೇಲೆ ತಟ್ಟಿ ಮತ್ತೆ ಒರೆಸಬೇಕು. ಆಮೇಲೆ ಲವಂಗದ ವಾಸನೆಯ ಎಣ್ಣೆಯನ್ನು ಕಣ್ಣಿಗೆ ಕಾಣಿಸದಷ್ಟು ತೆಳ್ಳಗೆ ಹಚ್ಚಬೇಕು. ಅಲಗಿಗೆ ಬೆರಳು ತಾಗಬಾರದು. ಅದರ ಮೇಲೆ ಬಗ್ಗಿ ಮಾತಾಡಬಾರದು, ಎಂಜಲು ಹಾರಿದರೂ ಮರುದಿನಕ್ಕೆ ಚುಕ್ಕೆ ಬೀಳುತ್ತದೆ. ಹಿಡಿಯನ್ನು ಕತ್ತಿಗೆ ಸೇರಿಸಿರುವುದು ಒಂದೇ ಒಂದು ಬಿದಿರಿನ ಗೂಟ. ಅದನ್ನು ತಳ್ಳಿದರೆ ಹಿಡಿ ಕಳಚಿ, ಒಳಗೆ ಕೂತಿದ್ದ ಭಾಗ ಹೊರಗೆ ಬರುತ್ತದೆ. ಅಲ್ಲಿ ಕಪ್ಪಗೆ ಗಟ್ಟಿಯಾದ ತುಕ್ಕು. ಆ ತುಕ್ಕಿನ ನಡುವೆ ಕತ್ತಿ ಮಾಡಿದವನು ಉಳಿಯಿಂದ ಕೊರೆದ ತನ್ನ ಹೆಸರು. ಈ ತುಕ್ಕನ್ನು ಮಾತ್ರ ಯಾವತ್ತೂ ಮುಟ್ಟಬೇಡ, ಕತ್ತಿಯ ವಯಸ್ಸು ತಿಳಿಯುವುದು ಇದರಿಂದಲೇ ಎಂದು ಅವರು ಪ್ರತಿ ಸಲ ಹೇಳುತ್ತಿದ್ದರು. ಹೊರಗೆ ಚುಕ್ಕೆ ತುಕ್ಕೂ ಬರಬಾರದು, ಒಳಗಿನದು ಚೂರೂ ಹೋಗಬಾರದು.

ಅವರು ಹೋದ ಮೇಲೆ ಆರು ಕತ್ತಿಗಳು ಅವರ ಸಂಬಂಧಿಕರ ಪಾಲಾದವು. ಒಂದು ಗಿಡ್ಡ ಕತ್ತಿಯನ್ನೂ ಮೂರು ಕಬ್ಬಿಣದ ಬಿಲ್ಲೆಗಳನ್ನೂ ನನ್ನ ಹೆಸರಿಗೆ ಬರೆದಿಟ್ಟಿದ್ದರು. ಬಿಲ್ಲೆ ಎಂದರೆ ಹಿಡಿಗೂ ಅಲಗಿಗೂ ನಡುವೆ ಕೈಗೆ ಕಾವಲಾಗಿ ನಿಲ್ಲುವ ದುಂಡನೆಯ ತಟ್ಟೆ. ಒಂದರಲ್ಲಿ ಏಡಿಯ ಚಿತ್ರ ಕೊರೆದಿತ್ತು. ವಕೀಲರ ಕಾಗದದ ಜೊತೆ ಅವನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಕುಂದಾಪುರದ ಪಕ್ಕದ ಕೋಡಿಯಲ್ಲಿರುವ ನಮ್ಮ ತಾಯಿಮನೆಗೆ ಬಂದೆ.

ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ನಮ್ಮ ಮನೆಯಲ್ಲಿ ಬಾಗಿಲ ಚಿಲಕವೇ ಎರಡು ಮಳೆಗಾಲ ಬಾಳುವುದಿಲ್ಲ. ಬಂದ ಮೊದಲ ಜೂನ್‌ನಲ್ಲೇ ಕತ್ತಿಯ ತುದಿಯಲ್ಲಿ ಸಾಸಿವೆಯಷ್ಟು ಕೆಂಪು ಕಾಣಿಸಿತು. ತಿಂಗಳಿಗೊಮ್ಮೆ ಇದ್ದ ಆರೈಕೆ ವಾರಕ್ಕೊಮ್ಮೆ ಆಯಿತು. ಜಪಾನಿನ ಎಣ್ಣೆ ಎಲ್ಲಿ ಸಿಗಬೇಕು? ಹೊಲಿಗೆ ಯಂತ್ರದ ಎಣ್ಣೆ ತಂದೆ. ಕುಂದಾಪುರದ ಚಪ್ಪಲಿ ಅಂಗಡಿಗಳಲ್ಲಿ ಕೇಳಿ, ಹೊಸ ಶೂಗಳ ಡಬ್ಬಿಯಲ್ಲಿ ಬರುವ, ತೇವ ಹೀರುವ ಪುಟ್ಟ ಪೊಟ್ಟಣಗಳನ್ನು ಒಟ್ಟು ಮಾಡಿ ಟ್ರಂಕಿನೊಳಗೆ ತುಂಬಿದೆ. ಅಂಗಡಿಯವರು ನನ್ನನ್ನು ನೋಡಿದರೆ ನಗುತ್ತಿದ್ದರು.

ಅಣ್ಣನದು ಮೀನಿನ ವ್ಯಾಪಾರ, ಐಸ್ ತುಂಬಿದ ಗಾಡಿಯಲ್ಲಿ ಊರೂರಿಗೆ ಸಾಗಿಸುತ್ತಾನೆ. ಅವನು ಕತ್ತಿಯನ್ನು ಹಿಂದೆಮುಂದೆ ನೋಡಿ, "ಇದೆಂತ ಕತ್ತಿ ಮರಾಯ್ತಿ, ಒಂದ್ ಕಾಯಿ ಸುಲಿಯುಕೂ ಆತಿಲ್ಲೆ" ಅಂದಿದ್ದ. ಅತ್ತಿಗೆಗೆ ಅದರ ಗೊಡವೆಯೇ ಇರಲಿಲ್ಲ. ಆದರೆ ಏಡಿಯ ಬಿಲ್ಲೆ ಒಂದು ದಿನ ಟ್ರಂಕಿನಲ್ಲಿ ಕಾಣಲಿಲ್ಲ. ಮನೆಯೆಲ್ಲ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಉಪ್ಪುನೀರಿನ ಮಾವಿನಕಾಯಿ ಭರಣಿಯಲ್ಲಿ. ಕಾಯಿ ಮೇಲೇಳದಂತೆ ಭಾರಕ್ಕೆ ಇಟ್ಟಿದ್ದರಂತೆ.

"ಕಬ್ಬಿಣ ಅಲ್ದಾ ಹೆಣ್ಣೇ, ಎಂತ ಆತ್ತ್ ಅದ್ಕೆ?" ಅಂದರು ಅತ್ತಿಗೆ.

ಎಂತ ಆಗಿತ್ತೆಂದರೆ, ಏಡಿಯ ಕಾಲುಗಳೆಲ್ಲ ಕೆಂಪು ಹುಡಿಯಾಗಿ ಉದುರುತ್ತಿದ್ದವು. ನಾನು ಎರಡು ದಿನ ಅತ್ತಿಗೆಯ ಹತ್ತಿರ ಮಾತಾಡಲಿಲ್ಲ. ಉಪ್ಪಿನಕಾಯಿ ಕೆಟ್ಟದ್ದಕ್ಕೆ ಅವರೂ ಮಾತಾಡಲಿಲ್ಲ.

ಕಳೆದ ವರ್ಷ ನವರಾತ್ರಿಗೆ ಮೊದಲು ನಾನು ಕಿರಿಮಂಜೇಶ್ವರಕ್ಕೆ ಹೋಗಬೇಕಾಯಿತು. ಅಲ್ಲಿ ನನ್ನ ಅಕ್ಕನ ಮಗಳಿಗೆ ಹೆರಿಗೆಯಾಗಿತ್ತು, ಬಾಣಂತನಕ್ಕೆ ಬೇರೆ ಯಾರೂ ಇರಲಿಲ್ಲ. ಹೊರಡುವಾಗ ಕತ್ತಿಗೆ ಎಣ್ಣೆ ಹಚ್ಚಿ, ಟ್ರಂಕು ಮುಚ್ಚಿ, ಬೀಗದ ಕೈಯನ್ನು ಅಣ್ಣನ ಕೈಗೆ ಕೊಟ್ಟು, "ಎಂತ ಆದ್ರೂ ಕತ್ತಿ ಮುಟ್ಟುಕಾಗ" ಅಂದೆ. ಅವನು ತಲೆಯಾಡಿಸಿದ.

ಆಯುಧ ಪೂಜೆಯ ದಿನ ಬೆಳಿಗ್ಗೆ ಬಸ್ಸಿಳಿದು ಮನೆಗೆ ಬಂದೆ. ಜಗಲಿಯಲ್ಲಿ ತಕ್ಕಡಿ, ಮೀನು ಕೊಯ್ಯುವ ಕತ್ತಿಗಳು, ಗಾಡಿಯ ಸ್ಪ್ಯಾನರುಗಳನ್ನೆಲ್ಲ ಸಾಲಾಗಿ ಇಟ್ಟು ಕುಂಕುಮ ಹಚ್ಚಿದ್ದರು. ನಡುವೆ ಕೆಂಪು ಬಟ್ಟೆಯ ಮೇಲೆ ನನ್ನ ಕತ್ತಿ ಹೊಸ ಸ್ಟೀಲ್ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಅಲಗಿನ ಉದ್ದಕ್ಕೂ ಮಂಜಿನ ಅಲೆಯಂತೆ ಓಡುತ್ತಿದ್ದ ಬಿಳಿಯ ಗೆರೆ ಇರಲಿಲ್ಲ. ತುದಿಯ ಹತ್ತಿರ ಸುಟ್ಟು ನೀಲಿಯಾಗಿತ್ತು.

ಅಣ್ಣ ಮುಖ ಅರಳಿಸಿಕೊಂಡು ಬಂದ. "ಹ್ಯಾಂಗಿತ್ತ್? ನೀ ಬಪ್ಪುದ್ರೊಳ್ಗೆ ಚಂದ ಮಾಡ್ಸಿ ಇಡ್ಕ್ ಅಂದ್ಕಂಡ್ ತಲ್ಲೂರ್ ವೆಲ್ಡಿಂಗ್ ಶಾಪಿಗೆ ಕೊಟ್ಟದ್."

ನಾನು ಚೀಲವನ್ನೂ ಕೆಳಗಿಡದೆ ಗೂಟ ತಳ್ಳಿ ಹಿಡಿ ಕಳಚಿದೆ. ಒಳಗಿನ ಭಾಗವೂ ಬೆಳ್ಳಗಾಗಿತ್ತು. ಹೆಸರಿದ್ದ ಜಾಗದಲ್ಲಿ ಬೆರಳಾಡಿಸಿದರೆ ಏನೂ ತಾಗಲಿಲ್ಲ.

ಅಣ್ಣನಿಗೆ ಬೈದೆನೋ ಅತ್ತೆನೋ ನೆನಪಿಲ್ಲ. ಪೂಜೆ ಮುಗಿಯುವ ಮೊದಲೇ ಬಸ್ಸು ಹಿಡಿದು ತಲ್ಲೂರಿಗೆ ಹೋದದ್ದು ನೆನಪಿದೆ. ಹೆದ್ದಾರಿ ಬದಿಯ ವೆಲ್ಡಿಂಗ್ ಶಾಪಿನಲ್ಲೂ ಯಂತ್ರಗಳಿಗೆ ಹೂ ಹಾಕುತ್ತಿದ್ದರು. ಶಾಪಿನವನು ನನ್ನನ್ನು ಕೂರಿಸಿ ಅವಲಕ್ಕಿ ಪ್ರಸಾದ ಕೊಟ್ಟ.

"ಹಿಡಿ ಒಳ್ಗೆ ರಾಶಿ ತುಕ್ಕ್ ಇತ್ತಕ್ಕಾ. ನಾನೇ ಗೂಟ ತೆಗ್ದ್ ಬಿಡ್ಸಿ ಗ್ರೈಂಡಿಂಗ್ ವೀಲಿಗೆ ಹಿಡ್ದೆ. ಈಗ ಮುಖ ಕಾಣ್ಲಕ್ಕ್."

"ಅದ್ರಲ್ಲಿ ಅಕ್ಷರ ಇತ್ತಲ್ದಾ?"

"ಎಂತದೋ ಗೀರ್ ಇತ್ತ್. ಎಲ್ಲ ಸಾಪ್ ಮಾಡಿ ಕೊಟ್ಟೆ."

ಅವನ ಮುಖದಲ್ಲಿ ಒಂದಿಷ್ಟು ಕೇಡಿರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಬೈಯಲು ಒಬ್ಬ ಕೆಟ್ಟವನಾದರೂ ಇರಬೇಕಿತ್ತು. ಅವಲಕ್ಕಿ ತಿಂದು ಎದ್ದು ಬಂದೆ.

ಹದಿನೈದು ದಿನದ ಮೇಲೆ ಅಣ್ಣನೇ ವಿಚಾರಿಸಿಕೊಂಡು ಬಂದ. ಬ್ರಹ್ಮಾವರದಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಹಳೆಯ ಬೀಗ, ದೀಪ, ಪೆಟ್ಟಿಗೆಗಳನ್ನು ಮನೆ ತುಂಬ ಕೂಡಿಟ್ಟಿದ್ದಾರೆ, ಅವರಿಗೆ ಕತ್ತಿಯ ವಿಷಯವೂ ಗೊತ್ತಂತೆ. ಐಸಿನ ಗಾಡಿಯಲ್ಲೇ ಹೋದೆವು.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಕತ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕೇಳುವುದನ್ನೆಲ್ಲ ಅಣ್ಣನನ್ನು ಕೇಳಿದರು. ಎಲ್ಲಿ ಸಿಕ್ಕಿತು, ಎಷ್ಟು ಹಳೆಯದು, ಗೆರೆ ಹೇಗಿತ್ತು, ನೇರವೋ ಅಲೆಯೋ. ನಾನು ಉತ್ತರ ಹೇಳಿದರೆ ಅದನ್ನು ಕೇಳಿ ಮುಂದಿನ ಪ್ರಶ್ನೆಯನ್ನು ಮತ್ತೆ ಅವನಿಗೇ ಹಾಕುತ್ತಿದ್ದರು. ನಾಲ್ಕನೆಯ ಪ್ರಶ್ನೆಗೆ ಅಣ್ಣ, "ನಂಗೆಂತ ಗೊತ್ತ್ ಸಾರ್? ನಾ ಹಾಳ್ ಮಾಡ್ದವ. ಅವ್ಳಿಗೆ ಕೇಣಿ" ಅಂದ.

ಆಮೇಲೆ ಅವರು ನನ್ನ ಕಡೆ ತಿರುಗಿದರು. ಹೆಸರಿನ ಫೋಟೋ ಇದೆಯೇ ಎಂದು ಕೇಳಿದರು. ಇರಲಿಲ್ಲ. ಮೊಬೈಲಿನಲ್ಲಿ ಅಕ್ಕನ ಮೊಮ್ಮಗುವಿನದು, ಮೀನಿನದು, ಹೂವಿನದು ಸಾವಿರ ಫೋಟೋ ಇವೆ, ಅದರದ್ದು ಒಂದೂ ಇಲ್ಲ. ಎಂದಾದರೂ ಹೋಗಿಬಿಡುತ್ತದೆ ಎಂದು ಹೊಳೆದೇ ಇರಲಿಲ್ಲ.

"ಬರೆದು ತೋರಿಸ್ತೇನೆ" ಎಂದು ಕಾಗದ ಕೇಳಿದೆ. ಆರು ಅಕ್ಷರಗಳಿದ್ದವು. ಆ ಲಿಪಿ ಓದಲು ಬಾರದಿದ್ದರೂ ಅಷ್ಟು ವರ್ಷ ತಿಂಗಳು ತಿಂಗಳು ನೋಡಿದವಳು. ಮೊದಲ ನಾಲ್ಕು ಸರಾಗವಾಗಿ ಬಂದವು. ಐದನೆಯದರಲ್ಲಿ ಅಡ್ಡಗೆರೆ ಎರಡೋ ಮೂರೋ ಎಂದು ಪೆನ್ನು ನಿಂತುಬಿಟ್ಟಿತು. ಆರನೆಯದು ಕಣ್ಣ ಮುಂದೆ ಬಂದಂತಾಗಿ ಹೋಯಿತು. ಮೂರು ಕಾಗದ ಹಾಳು ಮಾಡಿದೆ. ಮೇಷ್ಟ್ರು ನಾಲ್ಕನೆಯದನ್ನು ಕೊಡುತ್ತಾ ಮೆಲ್ಲಗೆ ಹೇಳಿದರು, "ಅಮ್ಮಾ, ನೀವು ಪೂರ್ತಿ ಬರೆದರೂ ಅದು ಸಾಕ್ಷಿ ಆಗುವುದಿಲ್ಲ. ನಿಮ್ಮ ಮಾತನ್ನು ನಾನು ನಂಬುತ್ತೇನೆ. ಬೇರೆಯವರು ನಂಬಬೇಕಲ್ಲ." ತುದಿ ಸುಟ್ಟಿರುವುದರಿಂದ ಅಲಗಿನ ಗಟ್ಟಿತನವೂ ಹೋಗಿದೆ, ಮತ್ತೆ ಉಜ್ಜಿಸಿದರೂ ಪ್ರಯೋಜನವಿಲ್ಲ ಎಂದರು. ನಾಲ್ಕೇ ಅಕ್ಷರ ಬಂದಿದ್ದ ಒಂದು ಕಾಗದವನ್ನು ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡೆ.

ಒಂದು ತಿಂಗಳಾದ ಮೇಲೆ ಅಣ್ಣ ಉದ್ದನೆಯ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಒಳಗೆ ಬಂದ. "ಹ್ವಾಯ್, ಇಲ್ ಬಾ. ಮೊಬೈಲಲ್ಲಿ ಜಪಾನಿಂದೇ ಸಿಕ್ತ್, ತರ್ಸಿದೆ."

ಒಳಗೆ ಇದ್ದದ್ದು ಗೋಡೆಗೆ ನೇತುಹಾಕುವ ಅಲಂಕಾರದ ಕತ್ತಿ. ಹಿಡಿ ಪ್ಲಾಸ್ಟಿಕ್‌ನದು, ಒರೆಯ ಮೇಲೆ ಬಂಗಾರದ ಬಣ್ಣದ ಡ್ರ್ಯಾಗನ್. ಅಣ್ಣ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದ. ಅದನ್ನು ತೆಗೆದು ಹೊಳೆಗೆ ಎಸೆಯುವಷ್ಟು ಸಿಟ್ಟು ಬಂತು. "ಲಾಯ್ಕಿತ್ತ್" ಅಂದೆ.

ಈಗ ಅದು ಚಾವಡಿಯ ಗೋಡೆಯಲ್ಲಿದೆ. ಮನೆಗೆ ಬಂದವರು, "ಇದೇ ಅಲ್ದಾ ಬೊಂಬಾಯಿಂದ ತಂದದ್?" ಎಂದು ಕೇಳಿ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನದು ಟ್ರಂಕಿನಲ್ಲಿದೆ. ವಾರಕ್ಕೊಮ್ಮೆ ಎಣ್ಣೆ ಹಚ್ಚುತ್ತೇನೆ. ಮೊನ್ನೆ ಅತ್ತಿಗೆ ಗೋಡೆಯ ಕತ್ತಿಯನ್ನು ಇಳಿಸಿ, ಒರೆಯಿಂದ ಎಳೆದು, ಒದ್ದೆ ಬಟ್ಟೆಯಲ್ಲಿ ತಿಕ್ಕಿ ಒರೆಸುತ್ತಿದ್ದರು. ಬೇಡ ಎಂದು ಕೂಗಲು ಬಾಯಿ ತೆರೆದವಳು ಹಾಗೇ ನಿಂತೆ. ಅದು ಸ್ಟೇನ್‌ಲೆಸ್ ಸ್ಟೀಲು. ಅದಕ್ಕೇನೂ ಆಗುವುದಿಲ್ಲ.