ದಂತವೈದ್ಯರ ನಾಲ್ಕು ಕಾಗದಗಳು

ನನ್ನ ಅಕ್ಕ ವೈಜಯಂತಿ ಹಾಂಗ್‌ಕಾಂಗ್‌ನಲ್ಲಿ ಎರಡು ವರ್ಷ ಚೀನೀ ಭಾಷೆ ಓದಿ ದೆಹಲಿಗೆ ಮರಳಿದ್ದು ೧೯೭೫ರ ಬೇಸಿಗೆಯಲ್ಲಿ. ವಿಶ್ವವಿದ್ಯಾಲಯಗಳ ನಡುವಿನ ವಿನಿಮಯ ಅದು. ಅಲ್ಲಿಂದ ಒಬ್ಬ ಸಂಸ್ಕೃತ ಕಲಿಯಲು ಇಲ್ಲಿಗೆ ಬಂದಿದ್ದ, ಅವನಿಗೆ ಬದಲಾಗಿ ಇವಳು. ಅರವತ್ತೆರಡರ ಯುದ್ಧವಾದ ಮೇಲೆ ಚೀನಾದ ಬಾಗಿಲು ನಮ್ಮವರಿಗೆ ಮುಚ್ಚಿತ್ತು, ಹಾಗಾಗಿ ಹಾಂಗ್‌ಕಾಂಗ್.

ಲೋಧಿ ಕಾಲೋನಿಯ ನಮ್ಮ ಕ್ವಾರ್ಟರ್ಸಿಗೆ ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ: "ಹಾವು ತಿಂದ್ಯಾ?" ಮೊದಮೊದಲು ಅಕ್ಕ ನಗುತ್ತಿದ್ದಳು. ಆಮೇಲೆ "ಇಲ್ಲ" ಎಂದಷ್ಟೇ ಹೇಳಿ ಒಳಗೆ ಹೋಗತೊಡಗಿದಳು. ಅವಳನ್ನು ನೋಡಲು ಬಂದ ಗಂಡಿನ ಕಡೆಯವರೊಬ್ಬರು, "ಅಲ್ಲಿ ಊಟಕ್ಕೆಲ್ಲ ಹೇಗೆ ಮಾಡ್ಕೊಂಡ್ಯಮ್ಮಾ?" ಎಂದು ಮೃದುವಾಗಿ ಕೇಳಿದರು. ಚೀನೀಯರ ಮನೆಯಲ್ಲಿದ್ದೆ ಎಂಬ ಉತ್ತರ ಕೇಳಿಸಿಕೊಂಡು ಹೋದವರು ಮತ್ತೆ ಬರಲಿಲ್ಲ.

ಅಕ್ಕ ಊಟಕ್ಕೆ ಏನು ಮಾಡಿಕೊಂಡಳು ಎಂಬುದು ನನಗೆ ಗೊತ್ತಾದದ್ದು ಆ ಚಳಿಗಾಲ, ಅಂಗಳದ ಬಿಸಿಲಿನಲ್ಲಿ ಇಬ್ಬರೂ ಬಟಾಣಿ ಸುಲಿಯುತ್ತಿದ್ದಾಗ. ಅವಳಿದ್ದದ್ದು ಲಿಫ್ಟಿಲ್ಲದ ಕಟ್ಟಡದ ಆರನೇ ಮಹಡಿಯಲ್ಲಿ, ಚೆನ್ ಎಂಬ ವಿಧವೆಯ ಮನೆಯಲ್ಲಿ. ಆಕೆ ಹಗಲೆಲ್ಲ ಕೂತು ಕಾರ್ಖಾನೆಗೆ ಪ್ಲಾಸ್ಟಿಕ್ ಹೂವು ಜೋಡಿಸುತ್ತಿದ್ದಳಂತೆ. ವಿಮಾನಗಳು ಮಾಳಿಗೆಗೆ ತಾಗುವಷ್ಟು ಕೆಳಗೆ ಹಾರುತ್ತಿದ್ದವಂತೆ. ಸೊಪ್ಪಿನ ಪಲ್ಯಕ್ಕೂ ಹಂದಿಯ ಕೊಬ್ಬು ಹಾಕುತ್ತಾರೆಂದು ತಿಳಿದ ದಿನದಿಂದ ಅಕ್ಕ ಬರೀ ಅನ್ನ ಮತ್ತು ಕಿತ್ತಳೆಹಣ್ಣಿನ ಮೇಲೆ ಇದ್ದಳು. ಮೂರನೇ ತಿಂಗಳು ಜ್ವರ ಬಂದು ಮಲಗಿದಳು.

"ಚೆನ್ ಅಮ್ಮ ಹೊಸ ಪಾತ್ರೆ ತಂದು, ಅದನ್ನ ನನ್ನೆದುರೇ ತೊಳೆದು ಗಂಜಿ ಮಾಡಿದ್ರು ಕಣೆ. ನಮ್ಮ ಕುಂದಾಪುರದ ಅಜ್ಜಿ ಮಾಡ್ತಿದ್ದ ಗಂಜಿನೇ. ಆ ಪಾತ್ರೆ ಮತ್ಯಾರೂ ಮುಟ್ಟಲಿಲ್ಲ. ಇದನ್ನ ಯಾರಾದ್ರೂ ಕೇಳ್ತಾರಾ? ಹಾವಂತೆ, ಹಾವು."

ಅಷ್ಟು ಕಲಿತರೂ ಅವಳಿಗೆ ಸರಿಯಾದ ಕೆಲಸ ಸಿಗಲಿಲ್ಲ. ಒಂದು ಸಂಸ್ಥೆಯಲ್ಲಿ ತಿಂಗಳ ಹಿಂದಿನ ಚೀನೀ ಪತ್ರಿಕೆಗಳನ್ನು ಓದಿ ಗೋಧಿ ಎಷ್ಟು ಬೆಳೆಯಿತು, ಉಕ್ಕು ಎಷ್ಟು ಬಂತು ಎಂದು ಇಂಗ್ಲಿಷಿನಲ್ಲಿ ಬರೆದುಕೊಡುವ ತಾತ್ಕಾಲಿಕ ಕೆಲಸ. ಸಂಜೆ ಬಂದರೆ ಚಪ್ಪಲಿಯನ್ನೂ ಬಿಚ್ಚದೆ ಕುರ್ಚಿಯಲ್ಲಿ ಕೂತುಬಿಡುತ್ತಿದ್ದಳು. ಅಪ್ಪ ಬ್ಯಾಂಕ್ ಪರೀಕ್ಷೆಯ ಅರ್ಜಿ ತಂದು ಮೇಜಿನ ಮೇಲಿಟ್ಟರು. ಅವಳು ಅದನ್ನು ತುಂಬಲೂ ಇಲ್ಲ, ಹರಿಯಲೂ ಇಲ್ಲ.

ಎಪ್ಪತ್ತಾರರ ಸೆಪ್ಟೆಂಬರಿನಲ್ಲಿ ನನಗೆ ಹಲ್ಲುನೋವು ಬಂತು. ನಾನಾಗ ಟೈಪಿಸ್ಟ್. ಆಫೀಸಿನವರು ಕರೋಲ್ ಬಾಗ್‌ನ ಚೀನೀ ಡಾಕ್ಟರ ಹೆಸರು ಹೇಳಿದರು. ಶನಿವಾರ ಮಧ್ಯಾಹ್ನ ಅಕ್ಕ ಜೊತೆಗೆ ಬಂದಳು. ಬಟ್ಟೆ ಅಂಗಡಿಯ ಮೇಲಿನ ಕೋಣೆ. ಡಾಕ್ಟರ್ ಲಿಯು ಅರವತ್ತರ ಹತ್ತಿರದವರು, ಪಂಜಾಬಿಗಳ ಹಾಗೆ ಹಿಂದಿ ಮಾತಾಡುತ್ತಿದ್ದರು. ನನ್ನ ಬಾಯಿಗೆ ಹತ್ತಿ ತುಂಬುತ್ತಿದ್ದಾಗ ಅಕ್ಕ ಗೋಡೆಯ ಕ್ಯಾಲೆಂಡರಿನ ಅಕ್ಷರಗಳನ್ನು ಅಭ್ಯಾಸಬಲದಿಂದ ಮೆಲ್ಲಗೆ ಓದಿದಳು. ಡಾಕ್ಟರ ಕೈ ನಿಂತಿತು.

"ಬೇಟಿ, ನಿನಗೆ ಇದು ಓದಕ್ಕೆ ಬರತ್ತಾ?"

"ಬರತ್ತೆ."

"ನನಗೆ ಬರಲ್ಲ," ಎಂದರು.

ನನ್ನ ಹಲ್ಲು ಕಿತ್ತು, ಕೈ ತೊಳೆದು ಬಂದು ಕೂತ ಮೇಲೆ ಹೇಳಿದರು. ಅವರು ಹುಟ್ಟಿದ್ದು ಇದೇ ದೆಹಲಿಯ ಪಹಾಡ್‌ಗಂಜ್‌ನಲ್ಲಿ. ಅಪ್ಪ ಕೈಯಲ್ಲಿ ಇಕ್ಕಳ ಕೊಟ್ಟರು, ಅಕ್ಷರ ಕಲಿಸಲಿಲ್ಲ. ಅರವತ್ತೆರಡರ ಯುದ್ಧದಲ್ಲಿ, ಚೀನೀಯರೆಂಬ ಕಾರಣಕ್ಕೆ, ಇಡೀ ಮನೆಯವರನ್ನು ರಾಜಸ್ಥಾನದ ಶಿಬಿರದಲ್ಲಿಟ್ಟರು. ಆಮೇಲೆ ಶಿಬಿರದವರನ್ನು ಕರೆದೊಯ್ಯಲು ಚೀನಾದ ಹಡಗು ಬಂದಾಗ ಅವರ ತಾಯಿಯೂ ಅಕ್ಕನೂ ಹತ್ತಿ ಹೋದರು. ಇವರು ಹೆಂಡತಿಯ ಜೊತೆ ಉಳಿದರು. ಕಾಗದ ಓದಿಕೊಡುತ್ತಿದ್ದ ಒಬ್ಬ ಮುದುಕ ಕಲ್ಕತ್ತಕ್ಕೆ ಹೋಗಿ ಐದು ವರ್ಷವಾಗಿತ್ತು. ಆಮೇಲೆ ಬಂದ ನಾಲ್ಕು ಕಾಗದಗಳು ದವಡೆಯ ಅಚ್ಚುಗಳಿದ್ದ ಡ್ರಾಯರಿನಲ್ಲಿ ಹಾಗೇ ಇದ್ದವು.

"ಬೇರೆ ಯಾರ ಹತ್ರಾನೂ ಓದಿಸಲಿಲ್ವಾ?" ಅಕ್ಕ ಕೇಳಿದಳು.

"ಚೀನಾದ ಕಾಗದ ಹಿಡ್ಕೊಂಡು ಈ ಊರಲ್ಲಿ ಯಾರ ಹತ್ರ ಹೋಗಲಿ, ಬೇಟಿ?"

ಅಕ್ಕ ತಾರೀಖು ನೋಡಿ ಕಾಗದಗಳನ್ನು ಜೋಡಿಸಿದಳು. ಒಂದೊಂದು ಸಾಲನ್ನೂ ಚೀನಿಯಲ್ಲಿ ಓದಿ, ಆಮೇಲೆ ಹಿಂದಿಯಲ್ಲಿ ಹೇಳಿದಳು. ಬರೆದದ್ದು ಅವರ ಅಕ್ಕ. ಅಮ್ಮನಿಗೆ ಮಂಡಿ ನೋವು. ಮೊಮ್ಮಕ್ಕಳ ಫೋಟೋ ಬೇಕಂತೆ. ಅಲ್ಲಿನ ಹಳ್ಳಿಯವರು ತಾಯಿ-ಮಗಳನ್ನು 'ಹಿಂದುಸ್ತಾನದವರು' ಎಂದೇ ಕರೆಯುತ್ತಾರೆ. ಅಮ್ಮ ನಿದ್ದೆಯಲ್ಲಿ ಹಿಂದಿ ಮಾತಾಡುತ್ತಾಳೆ, ಪಕ್ಕದಲ್ಲಿ ಮಲಗಿದವರು ಹೆದರುತ್ತಾರೆ. ಇದನ್ನು ಕೇಳಿ ಡಾಕ್ಟರು ಜೋರಾಗಿ ನಕ್ಕರು. "ಮಾವಿನ ಉಪ್ಪಿನಕಾಯಿ ಇಲ್ಲದೆ ಊಟ ಇಳಿಯಲ್ಲ ಅಂತಾಳೆ," ಎಂದು ಮೂರನೆಯದರಲ್ಲಿತ್ತು.

ನಾಲ್ಕನೆಯದನ್ನು ಬಿಚ್ಚಿ ಅಕ್ಕ ಮೊದಲು ಮನಸ್ಸಿನಲ್ಲೇ ಓದಿಕೊಂಡಳು. ನನಗೆ ಅವಳ ಮುಖ ನೋಡಿಯೇ ಗೊತ್ತಾಯಿತು. ಏನಾದರೂ ಬೇರೆ ಹೇಳಿಬಿಡಲಿ ಎಂದು ನಾನು ಬಯಸಿದೆ. ಅಕ್ಕ ಕಾಗದವನ್ನು ತೊಡೆಯ ಮೇಲಿಟ್ಟು, "ಡಾಕ್ಟರ್ ಸಾಬ್, ನಿಮ್ಮ ತಾಯಿ ಹೋಗಿಬಿಟ್ಟಿದ್ದಾರೆ. ಎರಡು ವರ್ಷದ ಹಿಂದೆ, ಚಳಿಗಾಲದಲ್ಲಿ," ಎಂದಳು.

ಕೆಳಗೆ ಅಂಗಡಿಯವನು ಥಾನಿನಿಂದ ಬಟ್ಟೆ ಹರಿಯುವ ಸದ್ದು ಕೇಳುತ್ತಿತ್ತು. ಡಾಕ್ಟರು ಕನ್ನಡಕ ತೆಗೆದರು.

"ಅದನ್ನ ಮೊದಲಿಂದ ಓದು. ಹಿಂದಿ ಬೇಡ. ನಮ್ಮ ಮಾತಲ್ಲಿ ಓದು."

"ನಾನು ಕಲಿತಿದ್ದು ಪೀಕಿಂಗ್ ಮಾತು. ನಿಮ್ಮ ಮನೆಮಾತು ಹಾಗಿರಲ್ಲ."

"ಇರಲಿ. ಓದು."

ಅಕ್ಕ ಓದಿದಳು. ಎರಡು ಕಡೆ ತಡವರಿಸಿದಳು. ಒಂದು ಪದವನ್ನು ಡಾಕ್ಟರೇ ತಿದ್ದಿ, ತಾಯಿ ಹೇಳುತ್ತಿದ್ದ ಹಾಗೆ ಹೇಳಿದರು. ಅಷ್ಟರಲ್ಲಿ ಕೆನ್ನೆ ಊದಿದ ಸರ್ದಾರ್ಜಿಯೊಬ್ಬರು ಮೆಟ್ಟಿಲು ಹತ್ತಿ ಬಂದರು. ಡಾಕ್ಟರು ಮುಖ ತೊಳೆದುಕೊಂಡು, "ಆಯಿಯೇ, ಬೈಠಿಯೇ," ಎಂದು ದೀಪ ಹಾಕಿದರು.

ಬಸ್ಸಿನಲ್ಲಿ ಅಕ್ಕ ಹೇಳಿದಳು: "ಸುಮಿತ್ರಾ, ಎರಡು ವರ್ಷ ಪರದೇಶಿ ಆಗಿದ್ದೆ ಅಂತ ನಾನು ಎಷ್ಟು ದೊಡ್ಡದು ಮಾಡ್ಕೊಂಡಿದ್ದೆ. ನನ್ನ ಪೆಟ್ಟಿಗೇಲಿ ವಾಪಸ್ ಟಿಕೆಟ್ ಇತ್ತು. ಆ ಮುದುಕಿಗೆ ಅಲ್ಲೂ ಇರಲಿಲ್ಲ, ಇಲ್ಲೂ ಇರಲಿಲ್ಲ."

ಮುಂದಿನ ಶನಿವಾರ ಅವಳೊಬ್ಬಳೇ ಹೋಗಿ ಡಾಕ್ಟರ ಪರವಾಗಿ ಉತ್ತರ ಬರೆದುಕೊಟ್ಟಳು. ಆರು ತಿಂಗಳ ಮೇಲೆ ಅತ್ತಲಿಂದ ಜವಾಬು ಬಂತು. ಹೀಗೇ ಮೂರು ವರ್ಷ ನಡೆಯಿತು. ಈ ನಡುವೆ ಅವಳು ಬ್ಯಾಂಕ್ ಪರೀಕ್ಷೆ ಬರೆದು ಪಾಸಾದಳು. ಪತ್ರಿಕೆಗಳ ಕೆಲಸ ಬಿಟ್ಟಳು. ಅಪ್ಪ ಲಾಡು ಹಂಚಿದರು. ಆ ದಿನ ಅವಳು ಬೇಗ ಮಲಗಿದಳು.

ಎಪ್ಪತ್ತೊಂಬತ್ತರಲ್ಲಿ ಡಾಕ್ಟರು ಮಗನ ಜೊತೆ ಇರಲು ಕಲ್ಕತ್ತಕ್ಕೆ ಹೋದರು. ಚೀನೀಯರ ಕೇರಿಯೇ ಇರುವ ಅಲ್ಲಿ ಓದಿಕೊಡುವವರು ಬೇಕಾದಷ್ಟು ಜನ. ಅದೇ ವರ್ಷ ಅಕ್ಕನ ಹಳೆಯ ಪ್ರೊಫೆಸರ್ ಅನಂತರಾಮ ಮನೆಗೆ ಬಂದು, "ಪೀಕಿಂಗಿಗೆ ಮತ್ತೆ ನಮ್ಮವರನ್ನ ಕಳಿಸೋ ಮಾತು ನಡೀತಾ ಇದೆ. ನಿನ್ನ ಹೆಸರು ಕೊಡ್ತೀನಮ್ಮಾ," ಎಂದರು.

"ಬೇಡಿ ಸರ್."

"ಇದಕ್ಕೇ ಅಲ್ವಾ ನೀನು ಹತ್ತು ವರ್ಷ ಕಾದಿದ್ದು?"

"ಹೌದು ಸರ್. ಕಾದು ಸಾಕಾಗಿದೆ. ಚಿಕ್ಕವರನ್ನ ಕಳಿಸಿ."

ಅವರು ಬೇಸರದಿಂದ ಚಹಾ ಮುಗಿಸಿ ಹೊರಟರು. ಅಕ್ಕ ಗೇಟಿನ ತನಕ ಹೋಗಿ, ಅವರಿಗೆ ಆಟೋ ಸಿಗುವವರೆಗೆ ಬೇವಿನ ಮರದ ಕೆಳಗೆ ನಿಂತಿದ್ದಳು. ಹೊರಡುವ ಮುಂಚೆ ಅವರು ಚೀನಿಯಲ್ಲಿ ಏನೋ ಕೇಳಿದರು. ಅಕ್ಕ ಚೀನಿಯಲ್ಲೇ, ಎಲ್ಲೂ ತಡವರಿಸದೆ, ಉತ್ತರ ಕೊಟ್ಟಳು. ಏನೆಂದು ನಾನು ಅವಳನ್ನು ಕೇಳಲಿಲ್ಲ.