ಮಂತ್ರಿಸಿದ ಅಕ್ಕಿ

ಮಹಾರಾಜರ ಆಳ್ವಿಕೆಯ ಕೊನೆಕೊನೆಯ ವರ್ಷಗಳವು. ಯುದ್ಧದಿಂದಾಗಿ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಲಿನ ಹೊಗೆಯಿಂದ ಓಡುತ್ತಿದ್ದವು. ಆಗ ಮಧುಗಿರಿಯಲ್ಲಿ ಬೀಗ ಹಾಕುವ ಮನೆಗಳೇ ಇರಲಿಲ್ಲ ಎಂದು ನನ್ನ ವಯಸ್ಸಿನವರು ನಿಟ್ಟುಸಿರು ಬಿಡುತ್ತಾರೆ. ಇರಬಹುದು. ನಮ್ಮ ಮನೆಯಲ್ಲಿ ಬೀಗವೂ ಇತ್ತು, ಬೀಗದ ಕೈ ಅಜ್ಜಿಯ ಸೊಂಟದಲ್ಲಿತ್ತು, ಆ ಬೀಗದ ಮೇಲೂ ಅಜ್ಜಿಗೆ ಅನುಮಾನವಿತ್ತು. ಹಾಲಿನವಳು ನೀರು ಬೆರೆಸುತ್ತಾಳೆ, ಗಾಣದವನು ಕಡಲೆಕಾಯಿ ಎಣ್ಣೆಗೆ ಏನೋ ಸೇರಿಸುತ್ತಾನೆ, ಬೆಕ್ಕು ಕಣ್ಣು ಮುಚ್ಚಿ ಮಲಗಿದೆ ಎಂದರೆ ಅದು ನಿದ್ದೆಯಲ್ಲ. ನಾನು ಅವಳ ಮಗ್ಗುಲಲ್ಲಿ ಮಲಗಿ ಬೆಳೆದವಳು. ಆ ಗುಣ ನನಗೂ ಒಂದಿಷ್ಟು ಅಂಟಿದೆ.

ಅದು ಅವರೆಕಾಯಿಯ ಕಾಲ. ಬೆಳಿಗ್ಗೆ ಚಳಿಗೆ ಕೈ ಸೆಟೆಯುತ್ತಿತ್ತು, ಬೀದಿಯೆಲ್ಲ ಸೊಗಡಿನ ಘಮ. ಹಿಂದಿನ ವರ್ಷವಷ್ಟೇ ಚಿಕ್ಕಪ್ಪನ ಕೈಹಿಡಿದು ಪಾವಗಡದ ಕಡೆಯಿಂದ ಬಂದಿದ್ದ ಗಿರಿಜಾ ಚಿಕ್ಕಮ್ಮನೂ ನಾನೂ ಪಡಸಾಲೆಯಲ್ಲಿ ಕೂತು ನೆನೆಸಿದ ಕಾಳನ್ನು ಹಿತುಕುತ್ತಿದ್ದೆವು. ಬೆರಳಿನಿಂದ ಚಿಮ್ಮಿದ ಬೇಳೆ ಯಾರ ಮೂಗಿಗೆ ತಾಗಿತು ಎನ್ನುವುದೇ ನಮ್ಮ ಆಟ. ಅವಳಿಗೆ ಹದಿನೇಳೋ ಹದಿನೆಂಟೋ, ನನಗೆ ಹತ್ತು. ಗಾಬರಿಯಾದರೆ ಅವಳ ಕನ್ನಡದೊಳಗೆ ತೆಲುಗು ನುಗ್ಗಿಬಿಡುತ್ತಿತ್ತು. ನನಗೆ ಅವಳೆಂದರೆ ಪ್ರಾಣ.

ಆ ಚಳಿಗಾಲದಲ್ಲೇ ನಮ್ಮ ಬೀದಿಬಾಗಿಲ ಕೋಣೆಗೆ ಹೊಸ ಮೇಷ್ಟರು ಬಾಡಿಗೆಗೆ ಬಂದರು. ಮೈಸೂರಿನ ಕಡೆಯವರು, ತಲೆ ನರೆತವರು, ಒಬ್ಬರೇ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವರು. ಸಾಮಾನಿಗಿಂತ ಸೀಸೆಗಳೇ ಹೆಚ್ಚು. ಒಂದರಲ್ಲಿ ಕೆರೆಯ ನೀರು, ಒಂದರಲ್ಲಿ ಪಾಚಿ, ಒಂದರಲ್ಲಿ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್. ಜೊತೆಗೆ ಹಿತ್ತಾಳೆಯ ಒಂದು ಸೂಕ್ಷ್ಮದರ್ಶಕ.

"ಕೆರೆ ನೀರ್ನ ಸೀಸೇಲಿ ಇಟ್ಕೊಂಡು ಕೊಳವೇಲಿ ಇಣುಕ್ತಾನಲ್ಲ, ಇವನ್ಯಾವ ಸೀಮೆ ಮೇಷ್ಟ್ರು?" ಎಂದಳು ಅಜ್ಜಿ. "ಲೇ ಮಂಗ್ಳಿ, ಕಣ್ಣಿಟ್ಟಿರು."

ನಾನು ಕಣ್ಣಿಟ್ಟೆ. ಇಡುತ್ತ ಇಡುತ್ತ ಅವರ ಹಿತ್ತಾಳೆಯ ಕೊಳವೆಗೇ ಕಣ್ಣಿಟ್ಟೆ. ಒಂದು ಭಾನುವಾರ ಮೇಷ್ಟರು ಜಗಲಿಯ ಮೇಲೆ ಅದನ್ನಿಟ್ಟು, ಬೇವಿನ ಕಡ್ಡಿಯಿಂದ ನನ್ನ ಕೆನ್ನೆಯ ಒಳಗನ್ನು ಮೆಲ್ಲಗೆ ಕೆರೆದು, ಗಾಜಿಗೆ ಸವರಿ, ಟಿಂಚರಿನ ಒಂದು ತೊಟ್ಟು ಬಿಟ್ಟರು. ನೀರಲ್ಲಿ ನೆನೆದ ಹಪ್ಪಳದ ಚೂರುಗಳಂತೆ ಏನೇನೋ ಕಂಡವು, ಪ್ರತಿಯೊಂದರ ನಡುವೆ ಒಂದು ಚುಕ್ಕೆ.

"ಇದೆಲ್ಲ ಏನು ಮೇಷ್ಟ್ರೇ?"

"ನೀನೇ. ಇವಕ್ಕೆ ಜೀವಕೋಶ ಅಂತಾರೆ. ಇಂಥವು ಲೆಕ್ಕವಿಲ್ಲದಷ್ಟು ಸೇರಿ ಒಬ್ಬ ಮಂಗಳಿ."

"ಅದರೊಳಗೆ ಏನಿದೆ?"

"ನೀರು, ಉಪ್ಪು, ಜಿಡ್ಡು, ಸಕ್ಕರೆ. ನೀನು ತಿಂದ ಮುದ್ದೆಯಲ್ಲಿ ಇದ್ದದ್ದೇ. ಮುಕ್ಕಾಲು ಪಾಲು ಬರೀ ನೀರು."

ಒಳಗಿಂದ ಅಜ್ಜಿಯ ದನಿ ಬಂತು: "ಮುಕ್ಕಾಲು ನೀರಾ? ಅಂಗಾದ್ರೆ ಅದು ನಮ್ಮ ಹಾಲ್ನೋಳ್ದೇ ಕೆಲ್ಸ."

ಬಾಗಿಲ ಸಂದಿಯಲ್ಲಿ ನಿಂತಿದ್ದ ಚಿಕ್ಕಮ್ಮ ನನ್ನನ್ನು ಕರೆದು, ತಾನೇ ಒಂದು ಕಡ್ಡಿಯಿಂದ ಕೆನ್ನೆ ಕೆರೆದು ಕೊಟ್ಟಳು. "ನಂದೂ ನೋಡು ಮಂಗ್ಳಿ, ಅತ್ತಮ್ಮಂಗೆ ಹೇಳ್ಬೇಡ." ನೋಡಿ ಬಂದು, ನಿಂದೂ ನನ್ನ ಹಂಗೇ ಇದೆ ಎಂದೆ. ಅವಳಿಗೆ ಆದ ಖುಷಿ ಈಗಲೂ ನೆನಪಿದೆ. ಆದರೆ ಅಜ್ಜಿ ಅದನ್ನು ಕಂಡಿದ್ದಳು. ಕೂದಲು, ಉಗುರು, ಉಗುಳು ಇವನ್ನು ಬೇರೆಯವರ ಕೈಗೆ ಕೊಟ್ಟರೆ ಮಾಟ ಮಾಡಿಸುತ್ತಾರೆ ಎನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತಿದ್ದ ಮಾತು. ಅಂದಿನಿಂದ ಅಜ್ಜಿ ಸೊಸೆಯನ್ನು ನೋಡುವ ನೋಟವೇ ಬದಲಾಯಿತು.

ಹೀಗಿರುವಾಗ ಅಜ್ಜಿಯ ಬುಗುಡಿ ಕಳೆಯಿತು. ಎಣ್ಣೆ ನೀರು ಹಾಕಿಕೊಳ್ಳಲು ಕಿವಿಯಿಂದ ತೆಗೆದು ಬಚ್ಚಲ ಗೂಡಿನಲ್ಲಿಟ್ಟಿದ್ದಳು. ತಲೆ ಒರೆಸಿಕೊಂಡು ಬಂದು ನೋಡಿದರೆ ಒಂದೇ ಇತ್ತು. ಬೂದಿ ಜರಡಿ ಹಿಡಿದರು, ಮೋರಿಗೆ ಕೈ ಹಾಕಿದರು. ಸಂಜೆಯ ಹೊತ್ತಿಗೆ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೆಟ್ಟಗೆ ನೋಡುತ್ತಿರಲಿಲ್ಲ.

ಕಳ್ಳತನವಾದರೆ ಅಕ್ಕಿ ಜಗಿಸುವುದು ಆಗಿನ ಪದ್ಧತಿ. ಚನ್ನರಾಯನದುರ್ಗದಿಂದ ಅಯ್ಯನೋರು ಬಂದರು. ತಟ್ಟೆಯ ಅಕ್ಕಿಗೆ ವಿಭೂತಿ ಹಾಕಿ ಮಂತ್ರ ಹೇಳಿದರು. ಬಚ್ಚಲ ಕಡೆ ಹೋಗಿದ್ದ ಮೂವರು, ನನ್ನ ಅಮ್ಮ, ಕಸಮುಸುರೆಯ ಹನುಮಕ್ಕ, ಚಿಕ್ಕಮ್ಮ, ಒಂದೊಂದು ಹಿಡಿ ಜಗಿದು ಎಲೆಯ ಮೇಲೆ ಉಗಿಯಬೇಕು. ಅಮ್ಮನದು ಒದ್ದೆ ಹಿಟ್ಟಾಗಿ ಬಿತ್ತು. ಹನುಮಕ್ಕ ಸದಾ ಎಲೆಯಡಿಕೆ ಹಾಕುವವಳು, ಅವಳದು ಕೆಂಪಗೆ ನೀರಾಗಿ ಬಿತ್ತು. ಚಿಕ್ಕಮ್ಮ ಅಜ್ಜಿಯ ಮುಖವನ್ನೇ ನೋಡುತ್ತ ಜಗಿದಳು. ಅವಳ ಬಾಯಿಂದ ಉದುರಿದ್ದು ಒಣ ನುಚ್ಚು.

"ಕಳ್ಳರ ಬಾಯಾಗೆ ನೀರೂರಾಕಿಲ್ಲ," ಎಂದಳು ಅಜ್ಜಿ.

"ನೇನು ತೀಯಲೇದು ಅತ್ತಮ್ಮಾ, ದೇವುನಿ ತೋಡು, ದೇವ್ರಾಣೆ ನಾನ್ ತಗೊಂಡಿಲ್ಲ!"

"ನೋಡ್ರಿ, ಸುಳ್ ಹೇಳಾಗ್ಲೇ ತೆಲುಗು ಬರ್ತದೆ."

ಚಿಕ್ಕಪ್ಪ ಕಂಬಕ್ಕೆ ಒರಗಿ ನಿಂತೇ ಇದ್ದ. ಅವಳನ್ನು ಮರುದಿನದ ಬಸ್ಸಿಗೆ ತವರಿಗೆ ಕಳಿಸುವುದೆಂದು ತೀರ್ಮಾನವಾಯಿತು. ಕಳ್ಳಿ ಎನಿಸಿಕೊಂಡು ಹೋದ ಸೊಸೆ ಮತ್ತೆ ಬರುವುದಿಲ್ಲ ಎನ್ನುವುದು ನನಗೂ ತಿಳಿದಿತ್ತು.

ಬೆಳಿಗ್ಗೆ ಅವಳ ಟ್ರಂಕು ಜಗಲಿಯ ಮೇಲಿತ್ತು. ನಾನು ಅಳುತ್ತ ಮೇಷ್ಟರ ಕೋಣೆಗೆ ನುಗ್ಗಿದೆ. ನಿಜ ಹೇಳಬೇಕೆಂದರೆ ನನಗೆ ಅವರ ಮೇಲೂ ಗುಮಾನಿಯಿತ್ತು. ಕೆನ್ನೆ ಕೆರೆದು ಕೊಟ್ಟದ್ದರಿಂದಲೇ ಚಿಕ್ಕಮ್ಮನ ಬಾಯಿ ಒಣಗಿತೇನೋ ಎಂದು ನೇರವಾಗಿ ಕೇಳಿಯೂ ಬಿಟ್ಟೆ. ಅವರು ಬೈಯಲಿಲ್ಲ. ಎರಡು ಗಾಜಿನ ನಳಿಕೆ, ಟಿಂಚರಿನ ಸೀಸೆ ತೆಗೆದುಕೊಂಡು ನಮ್ಮ ಪಡಸಾಲೆಗೇ ಬಂದು ಕೂತರು.

ಅಮ್ಮನಿಂದ ತಿಳಿ ಗಂಜಿ ಕೇಳಿ ಪಡೆದು ಎರಡಕ್ಕೂ ಹಾಕಿದರು. ಒಂದಕ್ಕೆ ನನ್ನಿಂದ ಉಗುಳಿಸಿದರು. ಅಜ್ಜಿ ಎಂಜಲು ಎಂದು ಹೌಹಾರಿದಳು. ಎರಡನ್ನೂ ಅಂಗೈಯಲ್ಲಿ ಬೆಚ್ಚಗೆ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತು, ಆಮೇಲೆ ಟಿಂಚರ್ ತೊಟ್ಟಿಕ್ಕಿದರು. ಬರಿ ಗಂಜಿ ಕಡುನೀಲಿಯಾಯಿತು. ಉಗುಳು ಬಿದ್ದದ್ದು ನೀಲಿಯಾಗಲೇ ಇಲ್ಲ.

"ಅನ್ನದ ಪಿಷ್ಟ ಇದ್ದರೆ ನೀಲಿ, ಅಮ್ಮಾವ್ರೇ. ಉಗುಳು ಅದನ್ನು ಕರಗಿಸಿ ಸಕ್ಕರೆ ಮಾಡುತ್ತೆ. ಈ ಉಗುಳನ್ನು ಮಾಡೋದು ಬಾಯಿಯ ಸುತ್ತ ಇರೋ ಸಣ್ಣ ಸಣ್ಣ ಕೋಶಗಳು. ಮನುಷ್ಯ ಹೆದರಿದರೆ ಅವು ಕೆಲಸ ನಿಲ್ಲಿಸ್ತವೆ. ಕದ್ದಿದ್ದಾರೋ ಇಲ್ಲವೋ ಅವಕ್ಕೆ ಗೊತ್ತಾಗೋದಿಲ್ಲ."

"ಬಣ್ಣದ ನೀರ್ ತೋರ್ಸಿ ಕಣ್ಕಟ್ ಮಾಡ್ಬೇಡಿ ಮೇಷ್ಟ್ರೇ. ನಾಳೆನೇ ಕೋಣೆ ಖಾಲಿ ಮಾಡಿ."

"ಮಾಡ್ತೀನಿ. ನಾನು ಎರಡು ನಳಿಕೆ ಇಟ್ಟೆ, ಒಂದಕ್ಕೆ ಉಗುಳು ಹಾಕಲಿಲ್ಲ. ಅದು ಇಲ್ಲದಿದ್ದರೆ ಇದು ಪರೀಕ್ಷೆಯೇ ಅಲ್ಲ. ಕದ್ದಿಲ್ಲ ಅಂತ ಎಲ್ಲರಿಗೂ ಗೊತ್ತಿರೋ ಒಬ್ಬರಿಗಾದರೂ ಆ ಅಕ್ಕಿ ಕೊಟ್ಟಿರಾ?"

"ಅಂಥೋರು ಯಾರವ್ರೆ ಈ ಮನೇಲಿ? ನನ್ ಬುಗುಡೀನ ನಾನೇ ಕದೀತೀನಾ?"

"ಅದಕ್ಕೇ ಹೇಳಿದ್ದು. ನೀವೇ ಜಗಿಯಬೇಕು."

ಆಗ ಚಿಕ್ಕಪ್ಪ ಕಂಬ ಬಿಟ್ಟು ಕದಲಿದ. ದೇವರ ಗೂಡಿನಿಂದ ಮಿಕ್ಕ ಅಕ್ಕಿಯ ತಟ್ಟೆಯನ್ನು ತಂದು ತಾಯಿಯ ಮುಂದೆ ಹಿಡಿದ. "ಜಗಿ ಅವ್ವ," ಎಂದ. ಆ ಮನೆಯಲ್ಲಿ ಅಜ್ಜಿಗೆ ಯಾರಾದರೂ ಹೀಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಜಗೀತೀನಿ ಬುಡ್ಲಾ, ನಂಗೇನ್ ಭಯ," ಎಂದು ಅಜ್ಜಿ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಬಾಗಿಲಲ್ಲಿ ನೆರೆಯವರು ಇಣುಕುತ್ತಿದ್ದರು. ಟ್ರಂಕಿನ ಪಕ್ಕದಲ್ಲಿದ್ದ ಚಿಕ್ಕಮ್ಮನೂ ಎದ್ದು ನೋಡುತ್ತಿದ್ದಳು. ಅಜ್ಜಿ ಜಗಿದಳು, ಜಗಿದಳು. ಅವಳ ಕಣ್ಣು ಒಬ್ಬೊಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಓಡುತ್ತಿತ್ತು. ಉಗಿಯಲು ಹೋದರೆ ಬರಲಿಲ್ಲ. ಕೊನೆಗೆ ಬೆರಳು ಹಾಕಿ ತೆಗೆದಳು. ಎಲೆಯ ಮೇಲೆ ಉದುರಿದ್ದು ಒಣ ನುಚ್ಚೇ.

ಮೇಷ್ಟರು ತಲೆ ತಗ್ಗಿಸಿದರು, ಗೆದ್ದವರ ಹಾಗೆ ನೋಡಲಿಲ್ಲ. ಅಜ್ಜಿ ಕೆಮ್ಮತೊಡಗಿದಳು. ಚಿಕ್ಕಮ್ಮ ಒಳಗೆ ಬಂದು, ಹಂಡೆಯಿಂದ ಒಂದು ಚೊಂಬು ನೀರು ತುಂಬಿ, ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಕುಡೀರಿ ಅತ್ತಮ್ಮಾ. ನಂಗೊತ್ತು, ಎಂಗಿರ್ತದೆ ಅಂತ."

ಅಜ್ಜಿ ಚೊಂಬನ್ನು ಎತ್ತಿ ಗಟಗಟನೆ ಕುಡಿದಳು. ಬಾಯಿ ಒರೆಸಿಕೊಂಡು ಮಗನಿಗೆ, "ಟ್ರಂಕು ಒಳಗಿಡು ಕಣ್ಲಾ," ಎಂದಳು. ತಪ್ಪಾಯಿತು ಎನ್ನಲಿಲ್ಲ. ಮೇಷ್ಟರಿಗೆ ಕೋಣೆ ಬಿಡಿ ಎಂದೂ ಮತ್ತೆ ಹೇಳಲಿಲ್ಲ.

ಬುಗುಡಿ ಕೊನೆಗೂ ಸಿಗಲಿಲ್ಲ. ಹೆಗ್ಗಣ ಎಳೆದಿರಬೇಕು ಎಂದಳು ಅಮ್ಮ. ನನಗೆ ಆ ಹೆಗ್ಗಣದ ಮೇಲೂ ಪೂರ್ತಿ ನಂಬಿಕೆಯಿಲ್ಲ. ಮೇಷ್ಟರಿಗೆ ಮುಂದೆ ವರ್ಗವಾಯಿತು, ನಾನು ಅವರು ಕಲಿಸುತ್ತಿದ್ದ ವಿಜ್ಞಾನವನ್ನೇ ಓದಿದೆ. ಈಗ ಮಕ್ಕಳು ಜೀವಕೋಶದ ಚಿತ್ರ ಬರೆದು ಬಣ್ಣ ತುಂಬುತ್ತಾರೆ, ಕೆನ್ನೆ ಕೆರೆದರೆ ಮಾಟ ಎಂದು ಯಾರೂ ಅಂಜುವುದಿಲ್ಲ. ಅಕ್ಕಿ ಜಗಿಸುವವರೂ ಇಲ್ಲ. ಹೋದದ್ದು ಒಳ್ಳೆಯದೇ ಆಯಿತು. ಆದರೆ ಅಂದು ಜಗಿದ ಆ ಅಕ್ಕಿಯ ಜೊತೆಗೆ ನನ್ನ ಚಿಕ್ಕಮ್ಮನ ನೆಮ್ಮದಿಯೂ ಹೋಯಿತು, ಅದು ಯಾವ ಕಾಲಕ್ಕೂ ಬರಲಿಲ್ಲ. ಬಾಳೆಲ್ಲ ಆ ಮನೆಯಲ್ಲೇ ಕಳೆದಳು, ಅತ್ತೆಯ ಕೊನೆಗಾಲದಲ್ಲಿ ಬಾಯಿಗೆ ನೀರು ಬಿಟ್ಟವಳೂ ಅವಳೇ. ಆದರೂ ಮನೆಯಲ್ಲಿ ಒಂದು ಚಮಚ ಕಾಣದಿದ್ದರೆ ಸಾಕು, ಎಲ್ಲರಿಗಿಂತ ಮೊದಲು ಅವಳೇ ಎದ್ದು ತನ್ನ ಟ್ರಂಕು ತೆರೆದು ತೋರಿಸುತ್ತಿದ್ದಳು.

ಅವಳು ತೀರಿಕೊಳ್ಳುವ ಮುಂಚಿನ ಬೇಸಿಗೆಯಲ್ಲಿ ನನ್ನ ಮೊಮ್ಮಗಳು ಪೆನ್ಸಿಲ್ ಕಾಣುತ್ತಿಲ್ಲ ಎಂದು ಹುಡುಕುತ್ತಿದ್ದಳು. ಹಾಸಿಗೆಯಲ್ಲಿದ್ದ ಚಿಕ್ಕಮ್ಮ ಸೆರಗು ಬಿಚ್ಚಿ ಕೊಡವಿ, "ನಾನ್ ತಗೊಂಡಿಲ್ಲ ಕಣಮ್ಮ," ಎಂದಳು.

"ನಿಮ್ಮನ್ನ ಯಾರೂ ಕೇಳಲೇ ಇಲ್ವಲ್ಲ ಅಜ್ಜಿ," ಎಂದಿತು ಮಗು.

"ಕೇಳಾಕ್ ಮುಂಚೆ ಹೇಳ್ಬುಡ್ಬೇಕು ಕಣಮ್ಮ. ಕೇಳಿದ್ಮೇಲೆ ಬಾಯಿ ಒಣಗ್ಬುಡ್ತದೆ."